ಲಾಭ ಬರುವುದು ಯಾರ ಜೇಬಿನಿಂದ? ಪರಿಣಾಮ ಹೂಡಿಕೆಯ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ಹಣ ಮರಳಿ ಬರಬೇಕು, ಜೊತೆಗೆ ಅಳೆದು ತೋರಿಸಬಹುದಾದ ಸಾಮಾಜಿಕ ಪ್ರಯೋಜನವೂ ಆಗಬೇಕು ಎಂದು ಮೊದಲೇ ನಿಶ್ಚಯಿಸಿಕೊಂಡು ಬಂಡವಾಳ ತೊಡಗಿಸುವುದನ್ನು ಪರಿಣಾಮ ಹೂಡಿಕೆ ಅಥವಾ ಇಂಪ್ಯಾಕ್ಟ್ ಇನ್ವೆಸ್ಟಿಂಗ್ ಎನ್ನುತ್ತಾರೆ. ರಾಕ್‌ಫೆಲರ್ ಫೌಂಡೇಶನ್ 2007ರಲ್ಲಿ ಇಟಲಿಯ ಬೆಲಾಜಿಯೊದಲ್ಲಿ ನಡೆಸಿದ ಸಭೆಯ ನಂತರ ಈ ಹೆಸರು ಬಳಕೆಗೆ ಬಂತು. ಇದನ್ನು ದಾನಕ್ಕೂ ಲಾಭಕ್ಕೂ ನಡುವಿನ ಸೇತುವೆ ಎಂದು ಕರೆಯುವುದು ವಾಡಿಕೆ. ಆ ಸೇತುವೆಯ ಸುಂಕ ಕಟ್ಟುವವರು ಯಾರು ಎಂದು ಕೇಳಿಕೊಂಡ ಮೇಲಷ್ಟೇ ವಿಷಯ ನನಗೆ ಬಿಡಿಸಿಕೊಳ್ಳತೊಡಗಿತು.

ರಾಜಸ್ಥಾನದ ಭಿಲ್ವಾರ ಜಿಲ್ಲೆಯಲ್ಲಿ 2015ರಿಂದ 2018ರವರೆಗೆ ನಡೆದ ಪ್ರಯೋಗವನ್ನು ನೋಡೋಣ. ಎಜುಕೇಟ್ ಗರ್ಲ್ಸ್ ಎಂಬ ಸ್ವಯಂಸೇವಾ ಸಂಸ್ಥೆ ಅಲ್ಲಿನ 166 ಶಾಲೆಗಳ ವ್ಯಾಪ್ತಿಯಲ್ಲಿ, ಶಾಲೆಯಿಂದ ಹೊರಗುಳಿದ ಹೆಣ್ಣುಮಕ್ಕಳನ್ನು ದಾಖಲಿಸುವ ಮತ್ತು ಮಕ್ಕಳ ಹಿಂದಿ, ಇಂಗ್ಲಿಷ್, ಗಣಿತದ ಕಲಿಕೆಯನ್ನು ಸುಧಾರಿಸುವ ಹೊಣೆ ಹೊತ್ತಿತು. ಅದಕ್ಕೆ ಬೇಕಾದ 2,70,000 ಡಾಲರ್‌ಗಳನ್ನು ಸ್ವಿಟ್ಜರ್ಲೆಂಡಿನ ಯುಬಿಎಸ್ ಬ್ಯಾಂಕಿನ ಆಪ್ಟಿಮಸ್ ಫೌಂಡೇಶನ್ ಮುಂಗಡವಾಗಿ ಹೂಡಿತು. ಗುರಿ ಮುಟ್ಟಿದರೆ ಮಾತ್ರ ಅಸಲನ್ನೂ ಪ್ರತಿಫಲವನ್ನೂ ತೀರಿಸುವುದಾಗಿ ಲಂಡನ್ನಿನ ಚಿಲ್ಡ್ರನ್ಸ್ ಇನ್ವೆಸ್ಟ್‌ಮೆಂಟ್ ಫಂಡ್ ಫೌಂಡೇಶನ್ ಒಪ್ಪಿಕೊಂಡಿತು. ಗುರಿ ಮುಟ್ಟಿದೆಯೇ ಎಂದು ತೀರ್ಮಾನಿಸುವ ಕೆಲಸ ಐಡಿಇನ್‌ಸೈಟ್ ಎಂಬ ಸ್ವತಂತ್ರ ಸಂಸ್ಥೆಯದು. ಇದಕ್ಕೆ ಬಾಂಡ್ ಎಂಬ ಹೆಸರಿದ್ದರೂ ಪೇಟೆಯಲ್ಲಿ ಕೊಳ್ಳುವ, ಮಾರುವ ಸಾಲಪತ್ರ ಇದಲ್ಲ. ಫಲಿತಾಂಶಕ್ಕೆ ಕಟ್ಟುಬಿದ್ದ ಒಪ್ಪಂದ, ಅಷ್ಟೇ.

ಪಾವತಿಯ 80 ಪಾಲು ಕಲಿಕೆಗೆ, 20 ಪಾಲು ದಾಖಲಾತಿಗೆ ಎಂದು ನಿಗದಿಯಾಗಿತ್ತು. ಹೆಸರು ಹಚ್ಚಿಸಿ ಲೆಕ್ಕ ತೋರಿಸುವುದು ಸುಲಭ, ಓದಲು ಕಲಿಸುವುದು ಕಷ್ಟ ಎಂಬುದನ್ನು ಬಲ್ಲವರು ಮಾಡಿದ ಹಂಚಿಕೆ ಇದು ಎಂದು ನನಗನ್ನಿಸುತ್ತದೆ. ಕಲಿಕೆಯನ್ನು ಕಾರ್ಯಕ್ರಮವಿದ್ದ ಹಳ್ಳಿಗಳ ಮಕ್ಕಳನ್ನು ಅದಿಲ್ಲದ ಹಳ್ಳಿಗಳ ಮಕ್ಕಳೊಡನೆ ಹೋಲಿಸಿ ಅಳೆಯುತ್ತಿದ್ದುದರಿಂದ, ಹೇಗಿದ್ದರೂ ಆಗುತ್ತಿದ್ದ ಕಲಿಕೆಯ ಪ್ರಗತಿಯನ್ನು ತನ್ನ ಸಾಧನೆಯೆಂದು ಹೇಳಿಕೊಳ್ಳಲು ಸಂಸ್ಥೆಗೆ ಅವಕಾಶವಿರಲಿಲ್ಲ. ಎರಡನೆಯ ವರ್ಷದ ಕೊನೆಗೆ ಕಲಿಕೆಯ ಗುರಿಯಲ್ಲಿ ಅರ್ಧದಷ್ಟೇ ಕೈಗೂಡಿತ್ತು. ಆಗ ಸಂಸ್ಥೆ ಮಕ್ಕಳನ್ನು ತರಗತಿಗೆ ಬದಲಾಗಿ ಕಲಿಕೆಯ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿತು. ಶಾಲೆಗೆ ಬಾರದವರ ಮನೆಗೇ ಹೋಗಿ ಕಲಿಸಿತು. ಕೊನೆಗೆ ಕಲಿಕೆ ಗುರಿಯ ಶೇ. 160ಕ್ಕೆ, ದಾಖಲಾತಿ ಶೇ. 116ಕ್ಕೆ ಮುಟ್ಟಿತು. ಹೂಡಿಕೆದಾರರಿಗೆ ಅಸಲಿನ ಜೊತೆ ವಾರ್ಷಿಕ ಶೇ. 15ರ ದರದಲ್ಲಿ ಸುಮಾರು 1,44,000 ಡಾಲರ್ ಪ್ರತಿಫಲ ದೊರೆಯಿತು.

ಈ ಪ್ರತಿಫಲವನ್ನು ಹೆತ್ತವರ ಶುಲ್ಕವೋ ಶಾಲೆಯ ಆದಾಯವೋ ತಂದುಕೊಡಲಿಲ್ಲ. ಅದು ಇನ್ನೊಂದು ದತ್ತಿಸಂಸ್ಥೆಯ ಅನುದಾನ. ಅಂದರೆ ಇಲ್ಲಿ ದಾನ ಮಾಯವಾಗಲಿಲ್ಲ, ಕೊಡುವ ಹೊತ್ತು ಮಾತ್ರ ಮುಂದಕ್ಕೆ ಹೋಯಿತು. ಕೆಲಸ ಕೆಟ್ಟರೆ ನಷ್ಟ ಹೊರುವವರು ಬೇರೆಯಾದರು, ಆ ಹೊರೆಗೆ ಕೊಟ್ಟ ಬೆಲೆಯೇ ಶೇ. 15. ಅಳತೆಗೆ, ಒಪ್ಪಂದಕ್ಕೆ ತಗಲುವ ಖರ್ಚು ಬೇರೆ. ನೇರ ಅನುದಾನ ಕೊಟ್ಟಿದ್ದರೂ ಇದೇ ಫಲ ಬರುತ್ತಿತ್ತೇ ಎಂದು ಕೇಳಿದರೆ ಖಚಿತ ಉತ್ತರವಿಲ್ಲ. ಆದರೆ ಎರಡನೆಯ ವರ್ಷದ ಆ ತಿದ್ದುಪಡಿ ಅಳತೆಗೋಲಿಲ್ಲದೆ ಆಗುತ್ತಿತ್ತೆಂದು ನನಗನ್ನಿಸುವುದಿಲ್ಲ.

ಕಿರುಸಾಲದ, ಅಂದರೆ ಮೈಕ್ರೋಫೈನಾನ್ಸ್‌ನ, ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಹೂಡಿಕೆದಾರರ ಲಾಭ ಸಾಲ ಪಡೆದ ಮಹಿಳೆಯರು ವಾರವಾರವೂ ಕಟ್ಟುವ ಕಂತಿನಿಂದಲೇ ಹುಟ್ಟಬೇಕು. ಲಾಭರಹಿತ ಸಂಸ್ಥೆಯಾಗಿ ಆರಂಭವಾಗಿ ಆಮೇಲೆ ಕಂಪನಿಯಾದ ಎಸ್‌ಕೆಎಸ್ ಎಂಬ ಕಿರುಸಾಲ ಸಂಸ್ಥೆ 2010ರ ಆಗಸ್ಟ್‌ನಲ್ಲಿ ಷೇರುಪೇಟೆಗೆ ಬಂದು 1,600 ಕೋಟಿ ರೂಪಾಯಿಗೂ ಹೆಚ್ಚು ಮೊತ್ತದ ಷೇರುಗಳನ್ನು ಮಾರಿತು. ಅದೇ ಅಕ್ಟೋಬರ್‌ನಲ್ಲಿ, ಬಲವಂತದ ವಸೂಲಿ ಮತ್ತು ಸಾಲಗಾರರ ಆತ್ಮಹತ್ಯೆಗಳ ವರದಿಗಳ ನಡುವೆ, ಆಂಧ್ರಪ್ರದೇಶ ಸರ್ಕಾರ ಇಡೀ ಕಿರುಸಾಲ ವಲಯಕ್ಕೆ ಕಡಿವಾಣ ಹಾಕುವ ಸುಗ್ರೀವಾಜ್ಞೆ ತಂದಿತು. ವಸೂಲಿಯ ಕಿರುಕುಳ ತಡೆಯಲು ಕರ್ನಾಟಕವೂ 2025ರಲ್ಲಿ ಸುಗ್ರೀವಾಜ್ಞೆ ಹೊರಡಿಸಿತು.

ಮೂರನೆಯ ಬಗೆಯೊಂದಿದೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ರೂಪಿಸಿದ ಸಾಮಾಜಿಕ ಷೇರು ವಿನಿಮಯ ಕೇಂದ್ರದಲ್ಲಿ ಲಾಭರಹಿತ ಸಂಸ್ಥೆಗಳು ‘ಝೀರೋ ಕೂಪನ್, ಝೀರೋ ಪ್ರಿನ್ಸಿಪಲ್’ ಪತ್ರಗಳನ್ನು ಹೊರಡಿಸಬಹುದು. 2023ರ ಕೊನೆಯಲ್ಲಿ ಮೊದಲು ಪಟ್ಟಿಯಾದದ್ದು ಬೆಂಗಳೂರಿನ ಉನ್ನತಿ ಫೌಂಡೇಶನ್. ಪತ್ರ ಕೊಂಡವರ ಡಿಮ್ಯಾಟ್ ಖಾತೆಯಲ್ಲಿ ಅದು ಉಳಿದ ಷೇರುಗಳ ಜೊತೆಗೇ ಕಾಣಿಸುತ್ತದೆ. ಅವಧಿ ಮುಗಿದಾಗ ಬಡ್ಡಿಯೂ ಬರುವುದಿಲ್ಲ, ಅಸಲೂ ಬರುವುದಿಲ್ಲ.