ಗೌರಿ ಹೂವಿನ ಬಳ್ಳಿ ಒಣಗಿತು, ಸತ್ತೇ ಹೋಯಿತಾ?

ದೀಪಾವಳಿ ಹತ್ತಿರ ಬಂತು ಅಂದರೆ ಈ ಪ್ರಶ್ನೆ ಬಂತು ಅಂತಲೇ ಲೆಕ್ಕ. ‘ಗೌರಿ ಹಬ್ಬದ ಹೊತ್ತಿಗೆ ಮೈತುಂಬ ಹೂ ಬಿಟ್ಟಿದ್ದ ಬಳ್ಳಿ ಈಗ ಹಳದಿಯಾಗಿ ಒಣಗುತ್ತಿದೆ. ದಿನಾ ಎರಡು ಹೊತ್ತು ನೀರು ಹಾಕುತ್ತಿದ್ದೇನೆ. ಏನು ಮಾಡಲಿ?’

ಮೊದಲು ಆ ನೀರಿನ ಚೊಂಬು ಕೆಳಗಿಡಿ.

ಒಣಗಿತು ಅಂದರೆ ನೀರು ಸಾಲಲಿಲ್ಲ ಅನ್ನುವ ನಂಬಿಕೆ ಎಷ್ಟು ಹೇಳಿದರೂ ಹೋಗುವುದಿಲ್ಲ. ಗೌರಿ ಹೂವು, ಅಂದರೆ ಅಗ್ನಿಶಿಖೆ, ಗೆಡ್ಡೆಯ ಗಿಡ ಸ್ವಾಮಿ. ಮಳೆಗಾಲವಿಡೀ ಎಲೆಗಳು ಮಾಡಿದ ಆಹಾರ ಮಣ್ಣೊಳಗೆ ಹೊಸ ಗೆಡ್ಡೆಯಾಗಿ ಕೂತಿರುತ್ತದೆ. ಹಳೇ ಗೆಡ್ಡೆ ಸುಕ್ಕಾಗುತ್ತದೆ, ಬಳ್ಳಿ ಒಣಗುತ್ತದೆ. ಅಲ್ಲಿಗೆ ಆ ವರ್ಷದ ಕೆಲಸ ಮುಗಿಯಿತು. ಈಗ ನೀರು ಸುರಿದರೆ ಅದನ್ನು ಎಳೆದುಕೊಳ್ಳಲು ಎಲೆಯೇ ಇಲ್ಲ. ಮಣ್ಣು ಆರುವುದಿಲ್ಲ, ಗೆಡ್ಡೆ ಕೊಳೆಯುತ್ತದೆ. ಮಲೆನಾಡಿನ ಬೇಲಿಗಳಲ್ಲಿ, ಕಾಡಂಚಿನ ಪೊದೆಗಳಲ್ಲಿ ಬೇಸಿಗೆಯಲ್ಲಿ ಇದಕ್ಕೆ ಯಾರು ನೀರು ಹೊತ್ತು ಹಾಕುತ್ತಾರೆ? ಆದರೂ ಮುಂಗಾರು ಬಿದ್ದ ಕೂಡಲೇ ಮೊಳಕೆ ಏಳುತ್ತದೆ. ಉಪಚಾರ ಜಾಸ್ತಿಯಾದ ಕುಂಡದಲ್ಲಿ ಮಾತ್ರ ಏಳುವುದಿಲ್ಲ! ಅಂಥ ಕುಂಡ ಬಗ್ಗಿಸಿ ನೋಡಿ. ಗೆಡ್ಡೆ ಮುಟ್ಟಿದರೆ ಬೆರಳು ಒಳಗೆ ಹೋಗುತ್ತದೆ, ನಾರುತ್ತದೆ. ಅದು ನೀರಿಲ್ಲದೆ ಸತ್ತದ್ದಲ್ಲ.

ಕುಂಡವನ್ನು ಸುಮ್ನೆ ಮಳೆ ಬೀಳದ ಮೂಲೆಯಲ್ಲಿಡಿ. ಮೇ ಕೊನೆಗೆ ನೀರು ಶುರುಮಾಡಿ. ಮಣ್ಣಿನಲ್ಲಿ ನೀರು ನಿಲ್ಲಬಾರದು, ಅಷ್ಟೆ. ಹಬ್ಬಲು ತೆಳ್ಳನೆ ಕಡ್ಡಿ ಅಥವಾ ದಾರ ಕೊಡಿ. ಈ ಬಳ್ಳಿಗೆ ಎಲೆಯ ತುದಿಯೇ ಕೈ, ಅದು ಸುರುಳಿಯಾಗಿ ಹಿಡಿಯುತ್ತದೆ. ದಪ್ಪ ಕಂಬವನ್ನು ಅಷ್ಟು ಚಿಕ್ಕ ಸುರುಳಿ ಹೇಗೆ ತಬ್ಬೀತು?

ಬದುಕಿದೆಯಾ ಅಂತ ಆಗಾಗ ಅಗೆದು ನೋಡುವವರೂ ಇದ್ದಾರೆ. ದಯವಿಟ್ಟು ಬೇಡ. ಗೆಡ್ಡೆ ಎರಡು ಕವಲಾಗಿರುತ್ತದೆ, ಮೊಳಕೆ ಬರುವುದು ಕವಲಿನ ತುದಿಯಲ್ಲಿ ಮಾತ್ರ. ತುದಿ ಮುರಿದರೆ ಆ ಕವಲು ವ್ಯರ್ಥ.

ಇನ್ನೊಂದು ವಿಷಯವನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಈ ಗಿಡ ಪೂರ್ತಿ ವಿಷ. ಗೆಡ್ಡೆ ಮತ್ತು ಬೀಜದಲ್ಲಂತೂ ಜಾಸ್ತಿ. ಅದರಲ್ಲಿರುವ ಕಾಲ್ಚಿಸಿನ್ ಎಂಬ ವಿಷದಿಂದಲೇ ಗೌಟ್ ಎಂಬ ಕೀಲುನೋವಿಗೆ ಔಷಧ ಮಾಡುತ್ತಾರೆ. ತಮಿಳುನಾಡಿನ ರೈತರು ಇದನ್ನು ಹೊಲದಲ್ಲಿ ಬೆಳೆಯುವುದೂ ಬೀಜಕ್ಕಾಗಿಯೇ. ಹಾಗಂತ ಮನೆಯಲ್ಲಿ ಅರೆದು ಕುಡಿಯುವ ಮದ್ದಲ್ಲ ಇದು. ಗೆಣಸು ಅಂದುಕೊಂಡು ಬೇಯಿಸಿ ತಿಂದು ಸತ್ತವರಿದ್ದಾರೆ. ಗೆಡ್ಡೆ ಅಗೆದು ತೆಗೆದಿಡುವವರು ಅಡುಗೆಮನೆ ಬುಟ್ಟಿಯಲ್ಲಿ ಇಡಬೇಡಿ, ಹೆಸರು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಯಾರಾದರೂ ತಿಂದರೆ ವಾಂತಿ ಶುರುವಾಗಲು ಕೆಲವು ಗಂಟೆ ಹಿಡಿಯಬಹುದು. ಅಲ್ಲಿವರೆಗೆ ಕಾಯದೆ ಆಸ್ಪತ್ರೆಗೆ ಓಡಿ, ಉಳಿದ ಗೆಡ್ಡೆ ತುಂಡನ್ನೂ ಜೊತೆಗೆ ಒಯ್ಯಿರಿ.