ಮೆಷಿನ್ ಬೇಡ ಅಂದದ್ದೆಲ್ಲ ಸವಕಲು ಕಾಸಲ್ಲ

ನಾನು ನ್ಯೂಜೆರ್ಸಿಯಲ್ಲಿ ಚಿಲ್ಲರೆ ಎಣಿಸುವ ಮೆಷಿನ್ ರಿಪೇರಿ ಮಾಡುವವನು. ಸೂಪರ್‌ಮಾರ್ಕೆಟ್ ಬಾಗಿಲ ಹತ್ತಿರ ನಿಂತಿರುತ್ತವಲ್ಲ, ಅವೇ. ಜನ ವರ್ಷಗಟ್ಟಲೆ ಡಬ್ಬಿಯಲ್ಲಿ ಕೂಡಿಟ್ಟಿದ್ದನ್ನು ತಂದು ಸುರಿಯುತ್ತಾರೆ, ಚೀಟಿ ಹರಿದುಕೊಳ್ಳುತ್ತಾರೆ, ಹೊರಟೇ ಬಿಡುತ್ತಾರೆ. ಕೆಳಗಿನ ಬಟ್ಟಲಿಗೆ ವಾಪಸ್ ಬಿದ್ದ ಕಾಸಿನ ಕಡೆ ತಿರುಗಿಯೂ ನೋಡುವುದಿಲ್ಲ. ಕರೆದು ತೋರಿಸಿದರೆ "ಅದು ಓಡಲ್ಲ ಬಿಡಿ" ಅಂತಾರೆ. ಮೈ ಉರಿಯುತ್ತದೆ.

ಮೆಷಿನ್‌ಗೆ ಕಣ್ಣಿಲ್ಲ ಸ್ವಾಮಿ. ಅದು ಇಸವಿ ಓದುವುದಿಲ್ಲ, ಬೆಲೆ ಕಟ್ಟುವುದಿಲ್ಲ. ಕಾಸು ಎಷ್ಟು ದೊಡ್ಡದು, ಅದರ ಲೋಹ ಸೆನ್ಸರ್ ಮುಂದೆ ಹೇಗೆ ವರ್ತಿಸುತ್ತದೆ, ಇಷ್ಟೇ ಅದಕ್ಕೆ ಗೊತ್ತಾಗೋದು. ಈಗಿನ ಕ್ವಾರ್ಟರ್, ಅಂದರೆ 25 ಸೆಂಟಿನ ಕಾಸು, ಹೇಗಿರುತ್ತದೆ ಅಂತ ಹೇಳಿಕೊಟ್ಟಿದ್ದೇವೆ, ಹಾಗಿಲ್ಲದ್ದನ್ನು ಆಚೆ ಹಾಕುತ್ತದೆ. ಕೆಟ್ಟದ್ದು ಅಂತಲ್ಲ, ಬೇರೆ ಥರದ್ದು ಅಂತ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಆ ಬೇರೆ ಥರದ್ದು ಬೆಳ್ಳಿಯೂ ಇರಬಹುದು! ಅಮೆರಿಕದಲ್ಲಿ 1964ರ ಇಸವಿಯವರೆಗಿನ ಡೈಮ್ (10 ಸೆಂಟಿನ ಕಾಸು), ಕ್ವಾರ್ಟರ್‌ಗಳಲ್ಲಿ ಶೇ 90 ಬೆಳ್ಳಿ. 1965ರ ಕಾನೂನು ಅದನ್ನು ತೆಗೆದುಹಾಕಿತು. ಆಮೇಲಿನವು ಒಂಥರಾ ಹೋಳಿಗೆ, ಒಳಗೆ ತಾಮ್ರದ ಹೂರಣ, ಹೊರಗೆ ತಾಮ್ರ-ನಿಕಲ್ ಕಣಕ. ಅಂಚು ನೋಡಿ, ಕೆಂಪು ಗೆರೆ ಕಾಣುತ್ತದೆ. ಬೆಳ್ಳಿಯದಕ್ಕೆ ಅಂಚೂ ಬಿಳಿ. ತೂಕವೂ ಬೇರೆ, ಹಳೇ ಕ್ವಾರ್ಟರ್ 6.25 ಗ್ರಾಂ, ಈಗಿನದು 5.67.

ಹಾಗಂತ ಬಟ್ಟಲಲ್ಲಿ ಬಿದ್ದಿದ್ದೆಲ್ಲ ಬೆಳ್ಳಿ ಅಂದುಕೊಂಡು ನನ್ನನ್ನು ಬೈಬೇಡಿ. ಜಾಸ್ತಿ ಪಾಲು ಬಗ್ಗಿದ್ದು, ಅಂಟಂಟಾಗಿದ್ದು, ಇಲ್ಲವೇ ಬೇರೆ ದೇಶದ್ದು. 1943ರ ಪೆನ್ನಿ, ಅಂದರೆ ಒಂದು ಸೆಂಟಿನ ಕಾಸು, ಉಕ್ಕಿನದು, ಮ್ಯಾಗ್ನೆಟ್‌ಗೆ ಅಂಟುತ್ತದೆ, ಆದರೆ ಅಂಥ ಅಪರೂಪವೇನಲ್ಲ. ಇನ್ನೊಂದು ತಮಾಷೆ ಇದೆ. ಯುದ್ಧದ ಕಾಲದಲ್ಲಿ, 1942ರಿಂದ 45ರವರೆಗೆ, ಶೇ 35 ಬೆಳ್ಳಿ ಇರುವ ಐದು ಸೆಂಟಿನ ಕಾಸು, ಅಂದರೆ ನಿಕಲ್‌ಗಳು ಬಂದವು. ಅವು ಆಗಿನ ವೆಂಡಿಂಗ್ ಮೆಷಿನ್‌ಗಳಲ್ಲಿ ಓಡಬೇಕು ಅಂತಲೇ ಲೋಹ ಬೆರೆಸಿದ್ದರು. ಹಾಗಾಗಿ ಅವನ್ನು ನಮ್ಮ ಮೆಷಿನ್ ಆಚೆ ಹಾಕುತ್ತದೆ ಅಂತ ನಂಬಿ ಕೂರಬೇಡಿ, ಸುರಿಯುವ ಮೊದಲೇ ನೋಡಿ. ಹಿಂಬದಿಯ ಕಟ್ಟಡದ ಚಿತ್ರದಲ್ಲಿ ಗುಮ್ಮಟದ ಮೇಲೆ ದೊಡ್ಡದಾಗಿ ಪಿ, ಡಿ ಅಥವಾ ಎಸ್ ಅಕ್ಷರ ಇರುತ್ತದೆ. ಮತ್ತೆ, ಸಿಕ್ಕಿದ್ದನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಸಂಗ್ರಹಕಾರರು ಮುಟ್ಟುವುದಿಲ್ಲ.

ಬೇರೆಯವರು ಬಿಟ್ಟುಹೋದದ್ದು ಸಿಕ್ಕರೆ? ನಾನು ವಕೀಲನಲ್ಲ. ಅಂಗಡಿ ಕೌಂಟರಿನಲ್ಲಿ ಒಂದು ಮಾತು ಕೇಳಿ ಅಂತಷ್ಟೇ ಹೇಳಬಲ್ಲೆ.

ಹೋದ ಬೇಸಿಗೆಯಲ್ಲಿ ಹಾಸನದ ಕಡೆಯ ಒಬ್ಬರು ಅಜ್ಜಿ ಮಗನ ಜೊತೆ ಬಂದಿದ್ದರು. ಮೊಮ್ಮಗನ ಹುಂಡಿ ಸುರಿದದ್ದಾಯಿತು. ಮಗ ಚೀಟಿ ಹಿಡಿದು "ಬಾಮ್ಮ, ಪಾರ್ಕಿಂಗ್ ಹತ್ರ ಹೋಗೋಣ" ಅಂತ ಹೊರಟೇಬಿಟ್ಟ. ಅಜ್ಜಿ ಕದಲಲಿಲ್ಲ. ಸಾಸಿವೆ ಡಬ್ಬಿಯ ತಳ ತಡಕುವ ಹಾಗೆ ಬಟ್ಟಲಲ್ಲಿ ಕೈಯಾಡಿಸಿದರು. ಸಿಕ್ಕಿದ್ದು ನಮ್ಮೂರ ಒಂದು ರೂಪಾಯಿಯ ಎರಡು ಸ್ಟೀಲ್ ಕಾಸು, ಜೊತೆಗೆ 1962ರ ಒಂದು ಕ್ವಾರ್ಟರ್. ನಾನು ಕನ್ನಡದಲ್ಲೇ "ಅಜ್ಜಿ, ಇದು ಬೆಳ್ಳೀದು, ಜೋಪಾನ" ಅಂದೆ. ಅವರಿಗೆ ನನ್ನ ಕನ್ನಡ ಕೇಳಿದ ಖುಷಿಯೇ ಜಾಸ್ತಿ. ಕ್ವಾರ್ಟರನ್ನು ಮಗನ ಕೈಗೆ ಕೊಟ್ಟರು. ರೂಪಾಯಿಗಳನ್ನು ಮಾತ್ರ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.