ಮೆಟಲ್ ಗೇರ್ ಸರ್ವೋ: ಹಲ್ಲು ಗಟ್ಟಿಯಿದ್ದರೆ ಸಾಲದು

ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ, ಒಳಗೆ ಗೇರುಗಳಿರುವ ಸಣ್ಣ ಮೋಟಾರು ಪೆಟ್ಟಿಗೆಯೇ ಸರ್ವೋ. ಕೈಕೊಟ್ಟ ಮೆಟಲ್ ಗೇರ್ ಸರ್ವೋ ಸಿಕ್ಕರೆ ಎಸೆಯುವ ಮೊದಲು ಒಮ್ಮೆ ಬಿಚ್ಚಿ ನೋಡಿ. ತಳದಿಂದ ಹಾಕಿರುವ ನಾಲ್ಕು ಉದ್ದನೆಯ ಸ್ಕ್ರೂ ತೆಗೆದು ಮೇಲಿನ ಮುಚ್ಚಳ ಎತ್ತಿದರೆ, ಎಷ್ಟೋ ಸಲ ಗೇರಿನ ಹಲ್ಲುಗಳು ಸರಿಯಾಗಿಯೇ ಇರುತ್ತವೆ. ಕೆಟ್ಟಿರುವುದು ಬೇರೆ ಕಡೆ. ಗೇರಿನ ಪಿನ್ ಕೂರುವ ತೂತು ಪ್ಲಾಸ್ಟಿಕ್ ಕೇಸಿನಲ್ಲಿ ಅಂಡಾಕಾರಕ್ಕೆ ಹಿಗ್ಗಿರುತ್ತದೆ, ಇಲ್ಲವೇ ಶಾಫ್ಟ್ ಎಷ್ಟು ತಿರುಗಿದೆ ಎಂದು ಅಳೆಯುವ ಪೊಟೆನ್ಶಿಯೋಮೀಟರಿನ ಪಟ್ಟಿ ಸವೆದಿರುತ್ತದೆ, ಇಲ್ಲವೇ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ತಲುಪಿಸುವ ಬ್ರಷ್ ಸುಟ್ಟಿರುತ್ತದೆ. ಪ್ಲಾಸ್ಟಿಕ್ ಗೇರಾದರೆ ಪೆಟ್ಟು ಬಿದ್ದಾಗ ತಾನು ಮುರಿದು, ಫ್ಯೂಸಿನ ಹಾಗೆ, ಉಳಿದದ್ದನ್ನು ಕಾಯುತ್ತದೆ. ಲೋಹದ ಹಲ್ಲು ಆ ಪೆಟ್ಟನ್ನು ಹಿಂದಕ್ಕೆ ದಾಟಿಸಿಬಿಡುತ್ತದೆ. ಹಾಗಾಗಿ ಬಾಳಿಕೆ ಬೇಕಾದ ಯಂತ್ರಕ್ಕೆ ಸರ್ವೋ ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಹಾರ್ನಿಗೆ (ಸರ್ವೋದ ಶಾಫ್ಟಿಗೆ ಕೂರುವ ಪುಟ್ಟ ತೋಳು) ಬಿದ್ದ ಬಲ ಯಾವ ದಾರಿಯಲ್ಲಿ ಹೋಗುತ್ತದೆ, ಆ ದಾರಿಯಲ್ಲಿ ಎಲ್ಲಕ್ಕಿಂತ ದುರ್ಬಲವಾದದ್ದು ಯಾವುದು?

ಒಂದು ನಿಜವಾದ ಕೆಲಸ ಇಟ್ಟುಕೊಂಡು ನೋಡೋಣ. ಒಣ ಅಡಿಕೆಯನ್ನು ದರ್ಜೆವಾರು ಬೇರ್ಪಡಿಸುವ ಸಣ್ಣ ಯಂತ್ರದಲ್ಲಿ, ಇಳಿದು ಬರುವ ಕಾಯನ್ನು ಎಡಕ್ಕೋ ಬಲಕ್ಕೋ ತಿರುಗಿಸುವ ಫ್ಲಾಪ್ ಇರುತ್ತದೆ. ಎರಡು ಸೆಕೆಂಡಿಗೊಮ್ಮೆ ಅದು ಹೊರಳಿದರೆ 8 ಗಂಟೆಯ ಪಾಳಿಯಲ್ಲಿ 14,400 ಚಲನೆ. ತಿಂಗಳಿಗೆ 25 ದಿನ ಎಂದರೆ 3.6 ಲಕ್ಷ. ಕಾಲೇಜು ಪ್ರಾಜೆಕ್ಟಿನ ರೋಬೋಟ್ ಕೈ ತನ್ನ ಇಡೀ ಆಯುಸ್ಸಿನಲ್ಲಿ ಇಷ್ಟು ಅಲುಗಾಡುವುದಿಲ್ಲ. ಈ ಲೆಕ್ಕ ಬರೆಯದೆ ಸರ್ವೋ ಕೊಳ್ಳಲು ಹೋಗಬಾರದು.

ಈಗ ಟಾರ್ಕ್, ಅಂದರೆ ತಿರುಗಿಸುವ ಬಲ. ಫ್ಲಾಪಿನ ಉದ್ದ 20 ಸೆಂಮೀ, ತೂಕ 250 ಗ್ರಾಂ ಎನ್ನಿ. ತೂಕದ ಕೇಂದ್ರ 10 ಸೆಂಮೀ ದೂರದಲ್ಲಿದೆ. ಅಡ್ಡಲಾಗಿ ಹಿಡಿದು ನಿಲ್ಲಿಸುವುದಕ್ಕೇ 2.5 ಕೆಜಿ-ಸೆಂಮೀ ಬೇಕು. ಬಹಳ ಮಂದಿ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಫ್ಲಾಪ್ 60 ಡಿಗ್ರಿಯನ್ನು 0.3 ಸೆಕೆಂಡಿನಲ್ಲಿ ಹೊರಳಬೇಕು: ಮೊದಲ 0.1 ಸೆಕೆಂಡ್ ವೇಗ ಹಿಡಿಯಲು, ಕೊನೆಯ 0.1 ನಿಲ್ಲಲು. ಅದಕ್ಕೆ ಇನ್ನೂ ಸುಮಾರು 1.8 ಸೇರಿ 4.3 ಕೆಜಿ-ಸೆಂಮೀ ಆಗುತ್ತದೆ. ಅದೇ ಚಲನೆಯನ್ನು ಅರ್ಧ ಸಮಯದಲ್ಲಿ ಮುಗಿಸಬೇಕೆಂದರೆ ವೇಗ ಹಿಡಿಸುವ ಪಾಲು ಇಮ್ಮಡಿಯಲ್ಲ, ನಾಲ್ಕು ಪಟ್ಟು, ಅಂದರೆ 7ರ ಮೇಲೆ ಹೋಗುತ್ತದೆ. ಯಂತ್ರದ ಒಟ್ಟು ವೇಗಕ್ಕೆ ಅಡ್ಡಿಯಾಗದಿದ್ದರೆ ಚಲನೆಯನ್ನು ನಿಧಾನವಾಗಿ ಏರಿಸಿ ನಿಧಾನವಾಗಿ ಇಳಿಸುವಂತೆ ಪ್ರೋಗ್ರಾಂ ಬರೆಯುವುದೇ ಗೇರಿಗೆ ಮಾಡುವ ದೊಡ್ಡ ಉಪಕಾರ. ಖರ್ಚೂ ಇಲ್ಲ.

ತಯಾರಕರು ಕೊಡುವ ಡೇಟಾಶೀಟಿನಲ್ಲಿ ದೊಡ್ಡದಾಗಿ ಅಚ್ಚಾಗಿರುವುದು ಸ್ಟಾಲ್ ಟಾರ್ಕ್. ಅಂದರೆ ಸರ್ವೋ ಕದಲದೆ ಸಿಕ್ಕಿಕೊಂಡು ನಿಂತಾಗಿನ ಬಲ. ಆ ಸ್ಥಿತಿಯಲ್ಲಿ ಅದು ಕೆಲಸ ಮಾಡುತ್ತಿಲ್ಲ, ಬಿಸಿಯಾಗುತ್ತಿದೆ. ದಿನವಿಡೀ ಓಡುವ ಯಂತ್ರದಲ್ಲಿ ಚಾಲ್ತಿ ಹೊರೆ ಸ್ಟಾಲ್ ಟಾರ್ಕಿನ ಕಾಲು ಭಾಗದ ಆಸುಪಾಸಿನಲ್ಲಿರಬೇಕು. ನಮ್ಮ ಫ್ಲಾಪಿಗೆ 20 ಕೆಜಿ-ಸೆಂಮೀ ಸರ್ವೋ ಸರಿಹೊಂದುತ್ತದೆ. ಎಲ್ಲೆಡೆ ಸಿಗುವ ಎಂಜಿ996ಆರ್ ಮಾದರಿಯ ಸರ್ವೋ 6 ವೋಲ್ಟಿನಲ್ಲಿ 11 ಕೆಜಿ-ಸೆಂಮೀ ಎನ್ನುತ್ತದೆ. ಫ್ಲಾಪನ್ನು ಅದು ಹೊರಳಿಸುತ್ತದೆ ನಿಜ, ಸೀಸನ್ ಮುಗಿಯುವವರೆಗೆ ಹೊರಳಿಸುತ್ತದೆಂದು ನಂಬುವಂತಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಆ ಒಂದೇ ಹೆಸರಿನಲ್ಲಿ ಹಲವು ಕಡೆಯ ಮಾಲು ಬರುವುದರಿಂದ, ಡಬ್ಬಿಯ ಮೇಲಿನ ಅಂಕಿಯನ್ನು ತೂಕ ಕಟ್ಟಿ ನೋಡದೆ ಒಪ್ಪಬೇಡಿ. ವೇಗದ ವಿಷಯವೂ ಹೀಗೇ. 60 ಡಿಗ್ರಿಗೆ 0.14 ಸೆಕೆಂಡ್ ಎಂದು ಬರೆದಿರುವುದು ಹೊರೆಯಿಲ್ಲದಾಗ. ಸ್ಟಾಲಿನ 30 ಶೇಕಡಾ ಹೊರೆ ಬಿದ್ದರೆ ವೇಗ ಸುಮಾರು 70 ಶೇಕಡಾಕ್ಕೆ ಇಳಿದು, ಅದೇ ದೂರಕ್ಕೆ 0.2 ಸೆಕೆಂಡ್ ಹಿಡಿಯುತ್ತದೆ.

ಗೇರಿನ ಲೋಹಕ್ಕೆ ಬರೋಣ. ‘ಮೆಟಲ್ ಗೇರ್’ ಎಂಬ ಎರಡು ಪದದಿಂದ ಏನೂ ತಿಳಿಯುವುದಿಲ್ಲ. ಮೋಟಾರಿನ ಪಿನಿಯನ್ನಿನಿಂದ (ಮೋಟಾರಿನ ಶಾಫ್ಟಿನಲ್ಲೇ ಇರುವ ಪುಟ್ಟ ಗೇರು) ಔಟ್‌ಪುಟ್ ಶಾಫ್ಟಿನವರೆಗೆ ಹಲವು ಹಂತಗಳಿರುತ್ತವೆ. ಮೊದಲ ಹಂತದಲ್ಲಿ ವೇಗ ಹೆಚ್ಚು, ಬಲ ಕಡಿಮೆ. ಕೊನೆಯ ಹಂತದಲ್ಲಿ ತದ್ವಿರುದ್ಧ. ಆದ್ದರಿಂದ ಕೊನೆಯ ಎರಡು ಗೇರುಗಳಿಗೆ ಹಾರ್ಡನಿಂಗ್ ಮಾಡಿದ ಸ್ಟೀಲ್ ಕೇಳಿ. ಮೊದಲ ಹಂತಕ್ಕೆ ಹಿತ್ತಾಳೆ ನಡೆಯುತ್ತದೆ, ಸದ್ದೂ ಕಡಿಮೆ. ಕೊನೆಯ ಹಂತವೇ ಹಿತ್ತಾಳೆಯಾದರೆ ಹಲ್ಲು ಮುರಿಯುವುದಿಲ್ಲ, ದಿನದಿನಕ್ಕೂ ಸವೆಯುತ್ತದೆ. ಯಾವ ದಿನ ಕೆಟ್ಟಿತೆಂದು ಹೇಳಲಾಗದ ಹಾಗೆ ಫ್ಲಾಪ್ ಸಡಿಲವಾಗುತ್ತ ಹೋಗುತ್ತದೆ. ಅಲ್ಯೂಮಿನಿಯಂ ಹಗುರ. ಅದರ ಗಟ್ಟಿತನವೆಲ್ಲ ಮೇಲಿನ ಆನೋಡೈಸ್ ಪದರದಲ್ಲಿದೆ (ಮೇಲ್ಮೈಯಲ್ಲಿ ಬೆಳೆಸಿದ ಗಟ್ಟಿ ಆಕ್ಸೈಡ್). ಪದರ ಸವೆದ ಮೇಲೆ ಅದರ ಪುಡಿಯೇ ಗ್ರೀಸಿನಲ್ಲಿ ಬೆರೆತು ಉಳಿದ ಹಲ್ಲನ್ನು ಅರೆಯುತ್ತದೆ. ಬಿಚ್ಚಿದಾಗ ಗ್ರೀಸ್ ಕಪ್ಪು ಕೆಸರಾಗಿ ಕಂಡರೆ ಅದೇ ಕಾರಣ. ವಿಮಾನ ಮಾದರಿಗೆ ಒಪ್ಪುವ ಈ ಗೇರು ಲಕ್ಷಗಟ್ಟಲೆ ಚಲನೆಯ ಯಂತ್ರಕ್ಕೆ ನನ್ನ ಆಯ್ಕೆಯಲ್ಲ. ಟೈಟಾನಿಯಂ ಚೆನ್ನಾಗಿ ಬಾಳುತ್ತದೆ, ಬೆಲೆ ಜೋರು. ತೂಕ ಉಳಿಸುವ ಅಗತ್ಯವಿಲ್ಲದಿದ್ದರೆ ಸ್ಟೀಲೇ ಸಾಕು.

ಸ್ಯಾಂಪಲ್ ಬಂದಾಗ ಯಾವ ಲೋಹವೆಂದು ಮೇಜಿನ ಮೇಲೇ ಪರೀಕ್ಷಿಸಬಹುದು. ಆಯಸ್ಕಾಂತ ಹಿಡಿಯಿರಿ: ಗೇರಿನ ಸಾಮಾನ್ಯ ಸ್ಟೀಲ್ ಅಂಟುತ್ತದೆ, ಹಿತ್ತಾಳೆ, ಅಲ್ಯೂಮಿನಿಯಂ, ಟೈಟಾನಿಯಂ ಅಂಟುವುದಿಲ್ಲ. ಚಿನ್ನದ ಬಣ್ಣ ನೋಡಿ ಹಿತ್ತಾಳೆ ಎಂದುಕೊಳ್ಳಬೇಡಿ, ಬಣ್ಣ ಹಾಕಿದ ಅಲ್ಯೂಮಿನಿಯಂ ಕೂಡ ಹಾಗೇ ಕಾಣುತ್ತದೆ. ಹಲ್ಲಿಲ್ಲದ ಬದಿಯಲ್ಲಿ ಸೂಜಿಯಿಂದ ಗೀರಿದರೆ ಅಲ್ಯೂಮಿನಿಯಮ್ಮಿನ ಬಿಳಿ ಹೊಳಪು ಹೊರಬರುತ್ತದೆ, ಹಿತ್ತಾಳೆ ಒಳಗೂ ಹಳದಿಯೇ. ಜೊತೆಗೆ ಮೊದಲ ಹಂತದ ಸಣ್ಣ ಗೇರನ್ನು ಎತ್ತಿ ನೋಡಿ. ಅಗ್ಗದ ಸರ್ವೋಗಳಲ್ಲಿ ಅದೊಂದನ್ನು ಪ್ಲಾಸ್ಟಿಕ್ ಹಾಕಿರುವುದುಂಟು.

ಗೇರಿನ ಪಿನ್ನುಗಳು ಎಲ್ಲಿ ಕೂತಿವೆ ಎಂಬುದು ಗೇರಿನಷ್ಟೇ ಮುಖ್ಯ. ಸ್ಟೀಲ್ ಗೇರನ್ನು ಪ್ಲಾಸ್ಟಿಕ್ ತೂತಿನಲ್ಲಿ ಕೂರಿಸಿದರೆ ಹೊರೆ ಬಿದ್ದಾಗಲೆಲ್ಲ ಎರಡು ಗೇರುಗಳ ನಡುವಿನ ಅಂತರ ಹಿಗ್ಗುತ್ತದೆ, ಹಲ್ಲುಗಳು ತುದಿಯಲ್ಲಷ್ಟೇ ಕಚ್ಚಿಕೊಳ್ಳುತ್ತವೆ, ಆಮೇಲೆ ಒಂದರ ಮೇಲೊಂದು ಜಾರುತ್ತವೆ. ಮಧ್ಯದ ಕೇಸಾದರೂ ಅಲ್ಯೂಮಿನಿಯಂ ಇರಲಿ; ಮೋಟಾರಿನ ಬಿಸಿಯನ್ನೂ ಅದು ಹೊರಗೆಳೆಯುತ್ತದೆ. ಔಟ್‌ಪುಟ್ ಶಾಫ್ಟಿಗೆ ಎರಡು ಬಾಲ್ ಬೇರಿಂಗ್ ಇರಲೇಬೇಕು.

ಎರಡು ಬೇರಿಂಗ್ ಇದ್ದರೂ ಫ್ಲಾಪನ್ನು ನೇರವಾಗಿ ಹಾರ್ನಿಗೆ ಕಟ್ಟುವುದು ತಪ್ಪು. ಸರ್ವೋದ ಕೆಲಸ ತಿರುಗಿಸುವುದು. ಭಾರ ಹೊರುವುದು ಬೇರೆಯದರ ಕೆಲಸ. ಫ್ಲಾಪಿಗೆ ತನ್ನದೇ 8 ಮಿಮೀ ಶಾಫ್ಟ್ ಕೊಟ್ಟು, ಎರಡು ಬದಿಗೂ 608 ಬೇರಿಂಗ್ ಹಾಕಿ (ಒಳ ವ್ಯಾಸ 8, ಹೊರ ವ್ಯಾಸ 22, ದಪ್ಪ 7 ಮಿಮೀ), ಸರ್ವೋದಿಂದ ಸಣ್ಣ ಲಿಂಕ್ ರಾಡಿನ ಮೂಲಕ ತಿರುಗಿಸಿ. ಎರಡೂ ಶಾಫ್ಟುಗಳನ್ನು ನೇರಕ್ಕೆ ಜೋಡಿಸಿದರೆ ಕೂದಲೆಳೆಯಷ್ಟು ವಾರೆಯಿದ್ದರೂ ಬೇರಿಂಗು ಸದಾ ಒತ್ತಡದಲ್ಲಿರುತ್ತದೆ. ಎರಡು ತುದಿಗೂ ಬಾಲ್ ಜಾಯಿಂಟ್ ಇರುವ ಲಿಂಕ್ ಆ ವಾರೆಯನ್ನು ನುಂಗಿಕೊಳ್ಳುತ್ತದೆ. ಕಾಯಿ ಬಿದ್ದ ಪೆಟ್ಟೂ ಬಹುಪಾಲು ಫ್ಲಾಪಿನ ಬೇರಿಂಗಿಗೇ ಹೋಗಿ, ಗೇರಿಗೆ ತಲುಪುವುದು ತಿರುಚುವ ಪಾಲು ಮಾತ್ರ.

ಹಾರ್ನ್ ಕೊಳ್ಳುವಾಗ ಶಾಫ್ಟಿನ ಹಲ್ಲೆಣಿಸಿ. 25, 24, 23 ಹೀಗೆ ಬೇರೆಬೇರೆ ಇರುತ್ತವೆ; 24 ಹಲ್ಲಿನ ಹಾರ್ನನ್ನು 25ರ ಶಾಫ್ಟಿಗೆ ಬಡಿದು ಕೂರಿಸಿದರೆ ಎರಡೂ ಹಾಳು. ಬದಿಯಿಂದ ಬೋಲ್ಟ್ ಬಿಗಿಯುವ ಅಲ್ಯೂಮಿನಿಯಂ ಹಾರ್ನ್ ಉತ್ತಮ. ನಡುವಿನ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟಾದ ಮಧ್ಯಮ ಬಲದ ನೀಲಿ ಥ್ರೆಡ್‌ಲಾಕರ್ ಒಂದು ಹನಿ ಸಾಕು. ಅದು ಎಬಿಎಸ್, ಪಾಲಿಕಾರ್ಬೊನೇಟ್ ಕೇಸಿಗೆ ಹರಿದರೆ ಪ್ಲಾಸ್ಟಿಕ್ ಬಿರಿಯುತ್ತದೆ.

ಇಷ್ಟೆಲ್ಲ ಸರಿಮಾಡಿದ ಮೇಲೆ ದುರ್ಬಲ ಕೊಂಡಿ ಪೊಟೆನ್ಶಿಯೋಮೀಟರಿಗೆ ಬಂದು ನಿಲ್ಲುತ್ತದೆ. ಫ್ಲಾಪ್ ಎರಡೇ ಜಾಗಗಳ ನಡುವೆ ಓಡಾಡುವುದರಿಂದ ಪಟ್ಟಿ ಆ ಎರಡು ಕಡೆಯೇ ಸವೆದು, ಸರ್ವೋ ನಿಂತಲ್ಲೇ ನಡುಗತೊಡಗುತ್ತದೆ. ನಡುಗಿದಷ್ಟೂ ಕರೆಂಟು, ಬಿಸಿ, ಹಲ್ಲಿನ ಸವೆತ. ತಿಂಗಳಿಗೆ ಲಕ್ಷಗಟ್ಟಲೆ ಚಲನೆಯಿದ್ದರೆ ತಾಗದೆ ಅಳೆಯುವ ಮ್ಯಾಗ್ನೆಟಿಕ್ ಎನ್‌ಕೋಡರ್ ಇರುವುದನ್ನೇ ತೆಗೆದುಕೊಳ್ಳಿ, ಮೋಟಾರ್ ಬ್ರಷ್‌ಲೆಸ್ ಇರಲಿ. ಸ್ಟೀಲ್ ಗೇರಿಗಿಂತ ಈ ಎರಡಕ್ಕೆ ಕೊಟ್ಟ ಹಣವೇ ಹೆಚ್ಚು ಬಾಳಿಕೆ ತರುತ್ತದೆ.

ವೈರಿಂಗ್ ಬಗ್ಗೆ ಎರಡೇ ಮಾತು. ಸ್ಟಾಲಿನಲ್ಲಿ 2.5 ಆಂಪಿಯರ್ ಎಳೆಯುವ ಸರ್ವೋಗೆ 26 ಗೇಜಿನ ಒಂದು ಮೀಟರ್ ವೈರ್ ಹಾಕಿದರೆ ಹೋಗಿಬರುವ ದಾರಿಯಲ್ಲೇ ಸುಮಾರು 0.67 ವೋಲ್ಟ್ ಕಳೆದುಹೋಗುತ್ತದೆ. ಅದಕ್ಕಿಂತ ದಪ್ಪನೆಯ 22 ಗೇಜಾದರೆ 0.27. ನಿಯಂತ್ರಣದ ಬೋರ್ಡಿನಿಂದಲೇ ಸರ್ವೋಗೆ ಕರೆಂಟ್ ಕೊಡದೆ ಬೇರೆ ಸಪ್ಲೈ ಇಡಿ, ನೆಗೆಟಿವ್ ಎರಡಕ್ಕೂ ಸೇರಿರಲಿ.

ಕಸ್ಟಮ್ ಆರ್ಡರ್ ಕೊಡುವಾಗ ಯಾವುದು ಅಗ್ಗ, ಯಾವುದು ದುಬಾರಿ ತಿಳಿದಿರಬೇಕು. ವೈರಿನ ಉದ್ದ, ಕನೆಕ್ಟರ್, ತಿರುಗುವ ಕೋನ, ಕೋನವನ್ನು ಹೇಳುವ ಸಿಗ್ನಲ್ ಪಲ್ಸಿನ ವ್ಯಾಪ್ತಿ, ಓವರ್‌ಲೋಡ್ ಮಿತಿ, ಸಾಫ್ಟ್ ಸ್ಟಾರ್ಟ್ ಇವುಗಳನ್ನು ಬದಲಿಸಲು ಹೊಸ ಅಚ್ಚು ಬೇಡ. ಗೇರಿನ ಅನುಪಾತ, ಕೇಸಿನ ಆಕಾರ ಮುಟ್ಟಿದರೆ ಟೂಲಿಂಗ್ ಖರ್ಚು ಬೀಳುತ್ತದೆ. ಮೊದಲ ಗುಂಪಿನಲ್ಲಿ ಎರಡನ್ನು ತಪ್ಪದೆ ಬರೆಯಿಸಿ: ಫ್ಲಾಪ್ ಕಾಯಿಗೆ ಸಿಕ್ಕಿಕೊಂಡರೆ ಒಂದೆರಡು ಸೆಕೆಂಡಿನಲ್ಲಿ ಕರೆಂಟ್ ತಗ್ಗಬೇಕು, ಸಿಗ್ನಲ್ ತಪ್ಪಿದರೆ ಹಿಡಿದು ನಿಲ್ಲಬೇಕೋ ಸಡಿಲ ಬಿಡಬೇಕೋ ಎಂಬುದು ಮೊದಲೇ ಗೊತ್ತಾಗಿರಬೇಕು. ಕೋನವನ್ನು ಬೇಕಾದ್ದಕ್ಕಿಂತ ಹೆಚ್ಚು ಕೇಳಬೇಡಿ. 500ರಿಂದ 2500 ಮೈಕ್ರೋಸೆಕೆಂಡಿನ ಪಲ್ಸಿಗೆ 270 ಡಿಗ್ರಿ ತಿರುಗುವ ಸರ್ವೋದಲ್ಲಿ 3 ಮೈಕ್ರೋಸೆಕೆಂಡಿನ ಡೆಡ್‌ಬ್ಯಾಂಡ್ (ಪಲ್ಸ್ ಇಷ್ಟು ಬದಲಾದರೂ ಸರ್ವೋ ಕದಲದ ಅಂತರ) 0.4 ಡಿಗ್ರಿಯಾಗುತ್ತದೆ; ಅದೇ ವ್ಯಾಪ್ತಿಯಲ್ಲಿ 120 ಡಿಗ್ರಿ ಸಾಕೆಂದರೆ 0.18ಕ್ಕೆ ಇಳಿಯುತ್ತದೆ. ಅಡಿಕೆ ಸಿಪ್ಪೆಯ ದೂಳು ಇರುವ ಕಡೆಗೆ ದೂಳು ಒಳಹೋಗದ ಐಪಿ65 ದರ್ಜೆಯ ಕೇಸ್ ಕೇಳಿ. ಔಟ್‌ಪುಟ್ ಶಾಫ್ಟಿನ ಓ-ರಿಂಗ್ (ರಬ್ಬರಿನ ಸೀಲ್) ತಿರುಗುತ್ತ ಸವೆಯುವ ವಸ್ತುವಾದ್ದರಿಂದ ಶಾಫ್ಟ್ ಮೇಲ್ಮುಖವಾಗಿರದೆ, ದೂಳು ಹಿಡಿಯದಂತೆ ಸರ್ವೋ ಕೂರಿಸಿ.

ದೊಡ್ಡ ಆರ್ಡರಿಗೆ ಮೊದಲು ಮೂರು ಸ್ಯಾಂಪಲ್ ತರಿಸಿ ನಿಜವಾದ ಫ್ಲಾಪಿಗೇ ಕಟ್ಟಿ ಓಡಿಸಿ. ಶುರುವಿನಲ್ಲಿ, ಕರೆಂಟ್ ಕೊಟ್ಟು ಹಿಡಿದು ನಿಲ್ಲಿಸಿದಾಗ, ಶಾಫ್ಟಿನ ನಡುವಿನಿಂದ 100 ಮಿಮೀ ದೂರದಲ್ಲಿ ಡಯಲ್ ಗೇಜ್ (ಸೂಕ್ಷ್ಮ ಚಲನೆ ಅಳೆಯುವ ಮುಳ್ಳಿನ ಮಾಪಕ) ಇಟ್ಟು ಬೆರಳಿನಿಂದ ಎರಡೂ ಕಡೆ ಮೆಲ್ಲಗೆ ಒತ್ತಿ ಸಡಿಲ ಅಳೆಯಿರಿ, ಅಲ್ಲಿ 1.75 ಮಿಮೀ ಎಂದರೆ ಒಂದು ಡಿಗ್ರಿ. ಒಂದು ಲಕ್ಷ ಚಲನೆಗೊಮ್ಮೆ ಇದನ್ನೂ ಕೇಸಿನ ಬಿಸಿಯನ್ನೂ ಬರೆದಿಡಿ. ಮೊದಲ ಲಕ್ಷದಲ್ಲಿ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಸಡಿಲ ಸ್ವಲ್ಪ ಏರಿ ನಿಂತರೆ ಸರಿ. ಎರಡನೇ, ಮೂರನೇ ಲಕ್ಷದಲ್ಲೂ ಅದೇ ಪ್ರಮಾಣದಲ್ಲಿ ಏರುತ್ತಲೇ ಇದ್ದರೆ ಕೇಸ್ ಬಿಚ್ಚಿ, ಸವೆದದ್ದು ಹಲ್ಲೋ ಪಿನ್ನಿನ ತೂತೋ ನೋಡಿ, ಅದರ ಫೋಟೋ ಸಮೇತ ತಯಾರಕರಿಗೆ ಬರೆಯಿರಿ. ಸ್ಯಾಂಪಲ್ ಪಾಸಾದ ಬ್ಯಾಚಿನಲ್ಲೇ ಬಿಡಿ ಗೇರ್ ಸೆಟ್ ಮತ್ತು ಓ-ರಿಂಗ್‌ಗಳನ್ನು, ಹತ್ತು ಸರ್ವೋಗೆ ಎರಡು ಸೆಟ್‌ನಂತೆ, ಜೊತೆಗೇ ತರಿಸಿಕೊಳ್ಳಿ.